ಟೇಪೋ, ರೇಷನ್ ಕಾರ್ಡೋ? ಅಮೆರಿಕದ ಸೋಬರ್ ಲಿವಿಂಗ್ ಮನೆಗಳು ಮತ್ತು ಊರಿನ ನಿಯಮಗಳು: ನನ್ನ ನೋಟ್ಸ್

ಹೌಸಿಂಗ್ ಕಾನೂನಿನ ಪೇಪರಿನಲ್ಲಿ ಒಂದು ಪ್ರಶ್ನೆ ಬಂದಿತ್ತು: ವ್ಯಸನ ಬಿಟ್ಟವರು ಸೇರಿ ಇದ್ದ ಮನೆಗೆ ತನ್ನ ನಿಯಮ ಅಡ್ಡ ತಂದ ಎಡ್ಮಂಡ್ಸ್ ಎಂಬ ಅಮೆರಿಕದ ಊರು ಸುಪ್ರೀಂ ಕೋರ್ಟಿನಲ್ಲಿ ಏಕೆ ಸೋತಿತು? ನನಗೆ ಹತ್ತಕ್ಕೆ ಮೂರು ಬಂತು. "ಒಂದು ಮನೆಯಲ್ಲಿ ಎಷ್ಟು ಜನ ಇರಬೇಕು ಅಂತ ಊರು ಹೇಳುವ ಹಾಗಿಲ್ಲ, ಅದಕ್ಕೇ ಎಡ್ಮಂಡ್ಸ್ ಸೋತಿತು" ಎಂದು ಬರೆದಿದ್ದೆ. ಮಾರ್ಜಿನ್‌ನಲ್ಲಿ ಕೆಂಪು ಶಾಯಿಯ ಒಂದೇ ಪ್ರಶ್ನೆ: "ಅಣ್ಣತಮ್ಮಂದಿರು ಆಗಿದ್ದರೆ?" ಆ ಪ್ರಶ್ನೆ ಅರ್ಥವಾಗೋಕೆ ನನಗೆ ಎರಡು ದಿನ ಬೇಕಾಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಯಾವ ಮನೆ ಇದು?

ಸೋಬರ್ ಲಿವಿಂಗ್ ಹೋಮ್ ಅಂದ ಕೂಡಲೇ ನನಗೆ ನೆನಪಾದದ್ದು ನಮ್ಮ ಕಡೆಯ ಮದ್ಯವರ್ಜನ ಶಿಬಿರ. ಅದಲ್ಲ ಇದು. ವ್ಯಸನಮುಕ್ತಿ ಕೇಂದ್ರವೂ ಅಲ್ಲ. ಇಲ್ಲಿ ಡಾಕ್ಟರ್ ಇಲ್ಲ, ಚಿಕಿತ್ಸೆ ಇಲ್ಲ. ಕುಡಿತವನ್ನೋ ಡ್ರಗ್ಸನ್ನೋ ಬಿಟ್ಟವರು ಕೆಲವರು ಸೇರಿ, ಮಾಮೂಲಿ ಬೀದಿಯ ಮಾಮೂಲಿ ಮನೆಯಲ್ಲಿ ಬಾಡಿಗೆ ಹಂಚಿಕೊಂಡು ಇರುತ್ತಾರೆ. ಆಕ್ಸ್‌ಫರ್ಡ್ ಹೌಸ್ ಇದರ ಹಳೆಯ ಮಾದರಿ. 1975ರಲ್ಲಿ ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಶುರುವಾಯಿತು. ಅದರ ಕಟ್ಟಳೆ ಮೂರೇ: ಮನೆಯ ವಿಷಯ ಏನಿದ್ದರೂ ವೋಟು ಹಾಕಿ ತೀರ್ಮಾನ, ಖರ್ಚು ತಮ್ಮದೇ, ಕುಡಿತವನ್ನೋ ಡ್ರಗ್ಸನ್ನೋ ಮತ್ತೆ ಶುರು ಮಾಡಿದವರು ಮನೆ ಬಿಡಬೇಕು.

ಬೀದಿಯವರ ತಕರಾರು ಏನಿರುತ್ತದೆ ಎಂದು ನಾನು ಹೇಳಬೇಕಿಲ್ಲ. ಪಾರ್ಕಿಂಗ್, ಸಿಗರೇಟು, "ಮಕ್ಕಳಿರೋ ಏರಿಯಾ". ಊರಿನ ಕೈಯಲ್ಲಿರುವ ಅಸ್ತ್ರ ಝೋನಿಂಗ್: ಈ ಬಡಾವಣೆಯಲ್ಲಿ ಒಂದು ಮನೆಗೆ ಒಂದೇ ಕುಟುಂಬ ಎನ್ನುವ ನಿಯಮ. ಕುಟುಂಬ ಅಂದರೆ ಯಾರು ಅಂತ ಹೇಳುವುದೂ ಊರೇ. ಜಗಳವೆಲ್ಲ ಇಲ್ಲೇ ಇರೋದು. ಬೆಂಗಳೂರಿನಲ್ಲಿ "ಫ್ಯಾಮಿಲಿಗೆ ಮಾತ್ರ" ಬೋರ್ಡು ನೋಡಿ ವಾಪಸ್ ಬಂದವರಿಗೆ ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ ಆ ಬೋರ್ಡು ಹಾಕುವುದು ಓನರ್, ಅಲ್ಲಿ ಊರೇ ಹಾಕುತ್ತದೆ.

1974ರಲ್ಲಿ ಸೋಲು, 1995ರಲ್ಲಿ ಗೆಲುವು. ಮಧ್ಯೆ ಏನಾಯಿತು?

ನ್ಯೂಯಾರ್ಕ್ ರಾಜ್ಯದ ಬೆಲ್ ಟೆರ್ ಎಂಬ ಪುಟ್ಟ ಊರಿನಲ್ಲಿ ನೆಂಟರಲ್ಲದವರು ಇಬ್ಬರಿಗಿಂತ ಜಾಸ್ತಿ ಒಂದು ಮನೆಯಲ್ಲಿ ಇರುವಂತಿರಲಿಲ್ಲ. ಆರು ಕಾಲೇಜು ವಿದ್ಯಾರ್ಥಿಗಳು ಒಂದು ಮನೆ ಹಿಡಿದರು. 1974ರಲ್ಲಿ ಸುಪ್ರೀಂ ಕೋರ್ಟ್ ಊರಿನ ಪರ ನಿಂತಿತು. ಹಾಗಾದರೆ ಸೋಬರ್ ಮನೆಗಳೂ ಸೋಲಬೇಕಿತ್ತು, ಅಲ್ವಾ?

ಮಧ್ಯೆ 1988 ಬಂತು. 1968ರ ಫೇರ್ ಹೌಸಿಂಗ್ ಆಕ್ಟ್‌ಗೆ ಆ ವರ್ಷ ತಿದ್ದುಪಡಿ ತಂದು ಅಂಗವೈಕಲ್ಯ ಇರುವವರಿಗೂ ರಕ್ಷಣೆ ಕೊಟ್ಟರು. ವ್ಯಸನದಿಂದ ಚೇತರಿಸಿಕೊಳ್ಳುತ್ತಿರುವವರೂ ಆ ಗುಂಪಿಗೆ ಬರುತ್ತಾರೆ. ಈಗಲೂ ಅಕ್ರಮವಾಗಿ ಡ್ರಗ್ಸ್ ತೆಗೆದುಕೊಳ್ಳುತ್ತಿರುವವರು ಬರುವುದಿಲ್ಲ. ವಿದ್ಯಾರ್ಥಿಗಳಿಗೆ ಇಂಥ ಕಾನೂನಿನ ಕೊಡೆ ಇರಲಿಲ್ಲ. ವ್ಯತ್ಯಾಸ ಇಷ್ಟೇ. (ಕ್ಯಾಲಿಫೋರ್ನಿಯಾ ಮಾತ್ರ ಬೇರೆ ದಾರಿ ಹಿಡಿಯಿತು. 1980ರ ಸಾಂಟಾ ಬಾರ್ಬರಾ ಕೇಸಿನಲ್ಲಿ, ನೆಂಟರಲ್ಲದವರಿಗೆ ಹಾಕಿದ್ದ ಐದು ಜನರ ಮಿತಿಯನ್ನು ರಾಜ್ಯದ ಸಂವಿಧಾನದಲ್ಲಿರುವ ಖಾಸಗಿತನದ ಹಕ್ಕು ತೋರಿಸಿ ಹೊಡೆದುಹಾಕಿದರು.)

ನಾನು ಎಡವಿದ ಜಾಗ: ಎಡ್ಮಂಡ್ಸ್

ವಾಷಿಂಗ್ಟನ್ ರಾಜ್ಯದ ಎಡ್ಮಂಡ್ಸ್ ಊರು. 1990ರಲ್ಲಿ ಅಲ್ಲಿ ಒಂದು ಆಕ್ಸ್‌ಫರ್ಡ್ ಹೌಸ್ ಶುರುವಾಯಿತು, 10ರಿಂದ 12 ಜನ. ಊರಿನ ಪ್ರಕಾರ ಕುಟುಂಬ ಅಂದರೆ ರಕ್ತ, ದತ್ತು ಅಥವಾ ಮದುವೆಯಿಂದ ನೆಂಟರಾದ ಎಷ್ಟು ಜನರಾದರೂ ಸರಿ, ಇಲ್ಲವೇ ನೆಂಟರಲ್ಲದ ಐದು ಜನರವರೆಗೆ.

ಫೇರ್ ಹೌಸಿಂಗ್ ಆಕ್ಟ್‌ನಲ್ಲಿ ಊರುಗಳಿಗೆ ಒಂದು ವಿನಾಯಿತಿ ಇದೆ. ಒಂದು ಮನೆಯಲ್ಲಿ ಗರಿಷ್ಠ ಎಷ್ಟು ಜನ ಇರಬಹುದು ಎಂಬ ನ್ಯಾಯವಾದ ಮಿತಿಗೆ ಈ ಕಾನೂನು ಅಡ್ಡ ಬರುವುದಿಲ್ಲ. ಎಡ್ಮಂಡ್ಸ್ ಹೇಳಿದ್ದು: ನಮ್ಮದು ಐದು ಜನರ ಮಿತಿ, ನಮಗೆ ವಿನಾಯಿತಿ ಇದೆ, ಕೇಸೇ ನಿಲ್ಲುವುದಿಲ್ಲ.

ನಾನೂ ಹಾಗೇ ಓದಿದೆ. ಐದು ಅಂತ ಅಂಕಿ ಇದೆಯಲ್ಲ, ಅದು ಗರಿಷ್ಠ ಮಿತಿ ತಾನೇ? ಅಲ್ಲ!

ಒಂದು ಲೆಕ್ಕ ಮಾಡಿ. ಎಡ್ಮಂಡ್ಸ್‌ನ ಒಂದು ಮನೆಗೆ ಹತ್ತು ಜನ ಒಡಹುಟ್ಟಿದವರು, ಅವರ ಅಪ್ಪ ಅಮ್ಮ, ಅಜ್ಜ ಅಜ್ಜಿ ಎಲ್ಲ ಬಂದು ಸೇರಿದರು ಅಂತ ಇಟ್ಟುಕೊಳ್ಳಿ. ಊರಿನ ಕುಟುಂಬ ನಿಯಮ ಏನನ್ನುತ್ತದೆ? ಏನೂ ಅನ್ನುವುದಿಲ್ಲ. ಅದೇ ಮನೆಗೆ ನೆಂಟರಲ್ಲದ ಆರು ಜನ ಬಂದರೆ? ಆಗಲ್ಲ. ಮನೆ ಅದೇ, ರೂಮು ಅವೇ, ಬಚ್ಚಲೂ ಅದೇ. ಹಾಗಾದರೆ ಈ ನಿಯಮ ಮನೆಯಲ್ಲಿ ಎಷ್ಟು ಜನ ಹಿಡಿಸಬಹುದು ಎಂದು ಲೆಕ್ಕ ಹಾಕಿದ್ದಲ್ಲ. ಒಳಗಿರುವವರು ಒಬ್ಬರಿಗೊಬ್ಬರು ಏನಾಗಬೇಕು ಎಂದು ಕೇಳಿದ್ದು. ನನ್ನ ಪೇಪರಿನ ಮೇಲಿದ್ದ ಕೆಂಪು ಶಾಯಿಯ ಪ್ರಶ್ನೆ ಇದೇ. ಒಡಹುಟ್ಟಿದವರ ಈ ಉದಾಹರಣೆಯೂ ತೀರ್ಪಿನಲ್ಲೇ ಇದೆ, ನಾನು ಓದದೆ ಹಾರಿಸಿದ್ದೆ.

ಆಮೇಲೆ ನನಗೆ ಹೊಳೆದ ಸುಲಭ ಉಪಾಯ: ನಿಯಮ ಜಾರಿ ಮಾಡಲು ಬರುವ ಇನ್ಸ್‌ಪೆಕ್ಟರ್ ಕೈಯಲ್ಲಿ ಏನಿರಬೇಕು ಎಂದು ಕೇಳಿ. ಅಳತೆ ಟೇಪ್ ಹಿಡಿದು ಬಂದರೆ ಸಾಕು ಅಂದರೆ ಅದು ಜನಮಿತಿ, ವಿನಾಯಿತಿ ಸಿಗಬಹುದು. ರೇಷನ್ ಕಾರ್ಡ್ ತೋರಿಸಿ ಅಂತ ಕೇಳಬೇಕಾದರೆ ಅದು ಕುಟುಂಬದ ನಿಯಮ, ವಿನಾಯಿತಿ ಇಲ್ಲ.

ತಮಾಷೆ ಅಂದರೆ ಎಡ್ಮಂಡ್ಸ್‌ನಲ್ಲಿ ಟೇಪಿನ ನಿಯಮವೂ ಬೇರೆ ಇತ್ತು. ವಾಸದ ರೂಮು ಕನಿಷ್ಠ 70 ಚದರ ಅಡಿ ಇರಬೇಕು, ಒಂದು ರೂಮಿನಲ್ಲಿ ಇಬ್ಬರಿಗಿಂತ ಜಾಸ್ತಿ ಮಲಗಿದರೆ ಇಬ್ಬರ ಮೇಲಿನ ಒಂದೊಂದು ತಲೆಗೆ 50 ಚದರ ಅಡಿ ಸೇರಿಸಬೇಕು. ನೆಂಟರಿಗೂ ಅದೇ, ಬೇರೆಯವರಿಗೂ ಅದೇ. ವಿನಾಯಿತಿ ಇರುವುದು ಇಂಥದ್ದಕ್ಕೆ. (2024ರಲ್ಲಿ ಬಿಬಿಎಂಪಿ ಪಿಜಿಗಳಿಗೆ ಹಾಕಿದ ಲೆಕ್ಕವೂ ತಲೆಗೆ 70 ಚದರ ಅಡಿ. ಸುಮ್ನೆ ಕಾಕತಾಳೀಯ, ಆದರೆ ನೆನಪಿಟ್ಟುಕೊಳ್ಳೋಕೆ ನನಗೆ ಉಪಯೋಗಕ್ಕೆ ಬಂತು.)

1995ರ ತೀರ್ಪು 6-3. ಬರೆದವರು ಜಸ್ಟಿಸ್ ಗಿನ್ಸ್‌ಬರ್ಗ್. ಭಿನ್ನಮತ ಜಸ್ಟಿಸ್ ಥಾಮಸ್ ಅವರದ್ದು.

ನನ್ನ ಎರಡನೇ ತಪ್ಪು: ಊರು ತಾರತಮ್ಯ ಮಾಡಿದೆ ಎಂದು ಕೋರ್ಟ್ ಹೇಳಿತು ಅಂತ ಬರೆದಿದ್ದೆ. ಹೇಳಿಲ್ಲ. ವಿನಾಯಿತಿ ಇಲ್ಲ ಎಂದಷ್ಟೇ ಹೇಳಿತು. ಬಾಗಿಲು ತೆರೆಯಿತು, ಊಟ ಬಡಿಸಿಲ್ಲ.

ಬಾಗಿಲು ತೆರೆದ ಮೇಲೆ

ಒಳಗೆ ಮೂರು ವಾದಗಳಿವೆ. ಬೇಕಂತಲೇ ತಾರತಮ್ಯ ಮಾಡಿದರು ಎಂಬುದು ಒಂದು. ನಿಯಮ ಎಲ್ಲರಿಗೂ ಒಂದೇ ಥರ ಕಂಡರೂ ಪೆಟ್ಟು ಇವರಿಗೇ ಜಾಸ್ತಿ ಬೀಳುತ್ತದೆ ಎಂಬುದು ಇನ್ನೊಂದು. ಮೂರನೆಯದು, ನಮಗಾಗಿ ನಿಯಮವನ್ನು ಸ್ವಲ್ಪ ಸಡಿಲಿಸಿ ಎಂದು ಕೇಳಿದರೂ ಊರು ಒಪ್ಪಲಿಲ್ಲ ಎಂಬುದು.

ಮೊದಲನೆಯದಕ್ಕೆ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್ ಓದಿ. 2008ರಲ್ಲಿ ಆ ಊರು ಗುಂಪು ಮನೆಗಳ ಮೇಲೆ ಹೊಸ ನಿಯಮ ತಂದಿತು. ಮೇಲ್ನೋಟಕ್ಕೆ ಸೋಬರ್ ಮನೆ ಎಂದು ಬೊಟ್ಟು ಮಾಡಿರಲಿಲ್ಲ. 2013ರಲ್ಲಿ ಒಂಬತ್ತನೇ ಸರ್ಕ್ಯೂಟ್ ಕೋರ್ಟ್ (ಸರ್ಕ್ಯೂಟ್ ಅಂದರೆ ಸುಪ್ರೀಂ ಕೋರ್ಟಿಗಿಂತ ಒಂದು ಮೆಟ್ಟಿಲು ಕೆಳಗಿನ ಫೆಡರಲ್ ಅಪೀಲು ಕೋರ್ಟ್) ಹೇಳಿದ್ದು: ಗುರಿ ಇವರೇ ಎಂದು ತೋರಿಸಲು ಪುರಾವೆ ಇದ್ದರೆ ಸಾಕು, "ಇಂಥದ್ದೇ ಸ್ಥಿತಿಯಲ್ಲಿದ್ದ ಬೇರೆಯವರನ್ನು ಊರು ಚೆನ್ನಾಗಿ ನೋಡಿಕೊಂಡಿತು" ಎಂದು ಜೋಡಿ ಹುಡುಕಿ ತೋರಿಸಬೇಕಿಲ್ಲ. ಕೊನೆಗೆ 2015ರಲ್ಲಿ ಊರು 52.5 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು.

ಇದನ್ನು ಓದಿ "ಊರು ಯಾವಾಗಲೂ ಸೋಲುತ್ತದೆ" ಎಂದುಕೊಳ್ಳಬೇಡಿ. ಟೆಕ್ಸಾಸ್‌ನ ಪ್ಲೇನೋದಲ್ಲಿ ಎಂಟು ಜನರ ಮಿತಿ ಇತ್ತು, ಮಹಿಳೆಯರ ಸೋಬರ್ ಮನೆಯೊಂದು ಹದಿನೈದು ಕೇಳಿತು. 2023ರಲ್ಲಿ ಐದನೇ ಸರ್ಕ್ಯೂಟ್ ಒಪ್ಪಲಿಲ್ಲ. ಸಡಿಲಿಕೆಯಿಂದ ಅನುಕೂಲ ಆಗುತ್ತದೆ ಅಂದರೆ ಸಾಲದು, ಅದಿಲ್ಲದೆ ಆಗುವುದೇ ಇಲ್ಲ ಎಂದು ತೋರಿಸಬೇಕು ಎಂದಿತು. "ಇದ್ದರೆ ಒಳ್ಳೇದು" ಮತ್ತು "ಇಲ್ಲದಿದ್ದರೆ ಆಗಲ್ಲ", ಎರಡೂ ಬೇರೆ ಬೇರೆ. ಪರೀಕ್ಷೆಯಲ್ಲಿ ಈ ಗೆರೆಯ ಮೇಲೇ ಪ್ರಶ್ನೆ ಕೇಳುತ್ತಾರೆ.

ಇನ್ನು ದೂರದ ನಿಯಮ: ಒಂದು ಗುಂಪು ಮನೆಯಿಂದ ಇನ್ನೊಂದಕ್ಕೆ ಇಷ್ಟು ಅಡಿ ಅಂತರ ಇರಬೇಕು ಎನ್ನುವುದು. ಇಲ್ಲಿ ಕೋರ್ಟುಗಳೇ ಒಂದಾಗಿಲ್ಲ. ಸೋಬರ್ ಮನೆಗಳ ಕೇಸಲ್ಲದಿದ್ದರೂ, ಮಿನ್ನೆಸೋಟಾದ ಸೇಂಟ್ ಪಾಲ್ ಊರಿನ 1,320 ಅಡಿ ನಿಯಮವನ್ನು 1991ರಲ್ಲಿ ಎಂಟನೇ ಸರ್ಕ್ಯೂಟ್ ಉಳಿಸಿತು, ಮಿಷಿಗನ್‌ನ 1,500 ಅಡಿ ನಿಯಮವನ್ನು 1996ರಲ್ಲಿ ಆರನೇ ಸರ್ಕ್ಯೂಟ್ ಹೊಡೆದುಹಾಕಿತು. ಕ್ಯಾಲಿಫೋರ್ನಿಯಾದ ಕೋಸ್ಟಾ ಮೆಸಾದಲ್ಲಿ ಅಂತರ 650 ಅಡಿ, ಹತ್ತಿರ ಹತ್ತಿರ 200 ಮೀಟರ್. ಆ ಊರಿನ ಮೇಲೂ ಕೇಸುಗಳಾದವು. 2023ರಲ್ಲಿ ಒಂದು ಒಳ್ಳೆಯ ವಿಷಯ ಇತ್ಯರ್ಥವಾಯಿತು: ಮನೆಯಲ್ಲಿರುವ ಒಬ್ಬೊಬ್ಬರ ವೈದ್ಯಕೀಯ ಚೀಟಿಯನ್ನೂ ಕೋರ್ಟಿಗೆ ತರಬೇಕಿಲ್ಲ, ಚೇತರಿಸಿಕೊಳ್ಳುತ್ತಿರುವವರಿಗಾಗಿಯೇ ನಡೆಸುವ ಮನೆ ಎಂದು ತೋರಿಸಿದರೆ ಆದೀತು. ಇನ್ನೊಂದು ಕೇಸಿನಲ್ಲಿ 2024ರ ಕೊನೆಗೆ ಅದೇ ಊರು ಅದೇ ಒಂಬತ್ತನೇ ಸರ್ಕ್ಯೂಟ್‌ನಲ್ಲಿ ಗೆದ್ದಿತು.

ಲೈಸೆನ್ಸ್, ಬೇಗ ಬೇಗ

ಕ್ಯಾಲಿಫೋರ್ನಿಯಾದಲ್ಲಿ "ಆರು ಜನರವರೆಗಿನ ಕೇಂದ್ರವನ್ನು ಕುಟುಂಬದಂತೆ ನೋಡಬೇಕು" ಎಂಬ ರಾಜ್ಯದ ನಿಯಮ ಲೈಸೆನ್ಸ್ ಇರುವ ಚಿಕಿತ್ಸಾ ಮನೆಗಳಿಗೆ. ಚಿಕಿತ್ಸೆಯನ್ನೇ ಕೊಡದ ಸೋಬರ್ ಮನೆಗೆ ಲೈಸೆನ್ಸ್ ಬೇಡ. ಅದಕ್ಕೇ ಆ ನಿಯಮದ ನೆರಳೂ ಅದಕ್ಕಿಲ್ಲ. ಎರಡನ್ನೂ ಕಲಸಬೇಡಿ. ಫ್ಲಾರಿಡಾ 2015ರಲ್ಲಿ ಇಷ್ಟವಿದ್ದವರು ಪಡೆಯುವ ಸರ್ಟಿಫಿಕೇಟ್ ತಂದಿತು. ಆದರೆ 2016ರ ಜುಲೈನಿಂದ ಲೈಸೆನ್ಸ್ ಇರುವ ಚಿಕಿತ್ಸಾ ಕೇಂದ್ರಗಳು ಸರ್ಟಿಫಿಕೇಟ್ ಇಲ್ಲದ ಮನೆಗೆ ಜನರನ್ನು ಕಳಿಸುವ ಹಾಗಿಲ್ಲ. ಇಷ್ಟವಿದ್ದರೆ ಅಂತ ಹೆಸರಿಗೆ ಮಾತ್ರ. ಅಲ್ಲಿ ವಿಮೆಯ ದುಡ್ಡಿಗಾಗಿ ರೋಗಿಗಳನ್ನು ಕಮಿಷನ್ ಮೇಲೆ ಸಾಗಿಸುವ ದಂಧೆ ಬೆಳೆದಿತ್ತು, ಊರುಗಳ ದೂರೆಲ್ಲ ಸುಳ್ಳೇನೂ ಅಲ್ಲ.

ಅಭ್ಯಾಸಕ್ಕೆ ಎರಡು

"ಮೂರು ಬೆಡ್‌ರೂಮಿನ ಮನೆಯಲ್ಲಿ, ನೆಂಟರಿರಲಿ ಬಿಡಲಿ, ಎಂಟು ಜನಕ್ಕಿಂತ ಹೆಚ್ಚು ಇರುವಂತಿಲ್ಲ." ಟೇಪು. ಮಿತಿ ನ್ಯಾಯವಾದದ್ದಾದರೆ ವಿನಾಯಿತಿ ಇದೆ.

"ಏಕ ಕುಟುಂಬ ವಲಯದಲ್ಲಿ ನೆಂಟರಲ್ಲದವರು ಮೂವರಿಗಿಂತ ಹೆಚ್ಚು ಇರುವಂತಿಲ್ಲ." ರೇಷನ್ ಕಾರ್ಡ್. ಕೇಸು ನಿಲ್ಲುತ್ತದೆ, ಆದರೆ ಗೆಲ್ಲಲು ಮೇಲಿನ ಮೂರು ವಾದಗಳಲ್ಲಿ ಒಂದನ್ನು ಸಾಬೀತು ಮಾಡಬೇಕು. ಟೇಪು-ಕಾರ್ಡಿನ ಈ ವ್ಯತ್ಯಾಸವನ್ನೂ ಈ ಕೊನೆಯ ವಾಕ್ಯವನ್ನೂ ಬರೆಯದೆಯೇ ನಾನು ಏಳು ಮಾರ್ಕ್ಸ್ ಕಳಕೊಂಡದ್ದು.