ಬಿಸಿ ಹಬ್, ತಣ್ಣನೆಯ ಸರೋವರ: ದೋಣಿ ಟ್ರೈಲರ್‌ನ ಬೇರಿಂಗ್ ಬೇಗ ಕೆಡುವುದೇಕೆ?

ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸರೋವರಗಳಿವೆ. ಬೇಸಿಗೆ ಬಂತೆಂದರೆ ಅಲ್ಲಿನ ಹೆದ್ದಾರಿಗಳಲ್ಲಿ ಕಾರಿನ ಹಿಂದೆ ಕಟ್ಟಿಕೊಂಡ ದೋಣಿ ಟ್ರೈಲರ್‌ಗಳದೇ ಸಾಲು. ಬೇರಿಂಗ್ ಜಾಮ್ ಆಗಿ ರಸ್ತೆಯಂಚಿನಲ್ಲಿ ನಿಂತುಬಿಟ್ಟ ಟ್ರೈಲರ್ ಕಾಣುವುದೂ ಅಪರೂಪವಲ್ಲ. ಬಿಸಿಯೇರಿ ಮೆತ್ತಗಾದ ಸ್ಪಿಂಡಲ್ (ಚಕ್ರವನ್ನು ಹೊತ್ತ ಅಚ್ಚಿನ ತುದಿ) ಮುರಿದು ಚಕ್ರವೇ ಕಳಚಿ ಉರುಳುವುದೂ ಉಂಟು. ಅದು ಎದುರಿಗೆ ಬರುವವರ ಜೀವಕ್ಕೆ ಅಪಾಯ.

ಲಾರಿಯ ಚಕ್ರದಲ್ಲೂ ಇದೇ ಬಗೆಯ ಟೇಪರ್ ರೋಲರ್ ಬೇರಿಂಗ್, ಅಂದರೆ ಒಂದು ತುದಿ ಸಪೂರವಾದ ಉಕ್ಕಿನ ರೋಲರುಗಳ ಬೇರಿಂಗ್, ಇರುತ್ತದೆ. ಹೆನ್ರಿ ಟಿಮ್ಕೆನ್ ಎಂಬ ಸಾರೋಟು ತಯಾರಕ 1898ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಅದು. ಮೇಲಿನಿಂದ ಬೀಳುವ ಭಾರವನ್ನೂ ತಿರುವಿನಲ್ಲಿ ಪಕ್ಕಕ್ಕೆ ತಳ್ಳುವ ಬಲವನ್ನೂ ಒಟ್ಟಿಗೆ ಹೊರುತ್ತದೆ. ಲಾರಿಯಲ್ಲಿ ಲಕ್ಷಗಟ್ಟಲೆ ಕಿಲೋಮೀಟರ್ ಓಡುವ ಬೇರಿಂಗ್ ದೋಣಿ ಟ್ರೈಲರ್‌ನಲ್ಲಿ ಎರಡು ಮೂರು ಬೇಸಿಗೆಗೇ ಕೆಡುವುದಕ್ಕೆ ಕಾರಣ ಭಾರವೂ ಅಲ್ಲ, ದೂರವೂ ಅಲ್ಲ. ದೋಣಿ ಇಳಿಸಲು ಟ್ರೈಲರನ್ನು ಹಿಮ್ಮುಖವಾಗಿ ನೀರಿಗೆ ಬಿಡುತ್ತಾರಲ್ಲ, ಆ ಕೆಲವು ನಿಮಿಷಗಳು ಕಾರಣ.

ಲೆಕ್ಕ ಸರಳ. 12 ಇಂಚಿನ ರಿಮ್ ಇರುವ ಸಣ್ಣ ಚಕ್ರ ಗಂಟೆಗೆ 100 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಸುಮಾರು ಸಾವಿರ ಸುತ್ತು ತಿರುಗುತ್ತದೆ. ಹೀಗೆ ಓಡಿ ಬಂದ ಹಬ್ (ಬೇರಿಂಗ್ ಕೂರುವ, ಚಕ್ರದ ನಡುಭಾಗ) 60 ಡಿಗ್ರಿ ಸೆಲ್ಸಿಯಸ್‌ಗೆ ಕಾದಿದೆ, ಸರೋವರದ ನೀರು 20 ಡಿಗ್ರಿ ಇದೆ ಎಂದುಕೊಳ್ಳಿ. ಹಬ್ ಮುಳುಗಿದೊಡನೆ ಒಳಗೆ ಸಿಕ್ಕಿಕೊಂಡ ಗಾಳಿ ತಣ್ಣಗಾಗುತ್ತದೆ. ಕೆಲ್ವಿನ್ ಅಳತೆಯಲ್ಲಿ 333ರಿಂದ 293ಕ್ಕೆ ಇಳಿದಂತೆ. ಒತ್ತಡ ಶೇ 12ರಷ್ಟು ಕುಸಿಯುತ್ತದೆ. ಟೈರಿಗೆ ಗಾಳಿ ತುಂಬುವ ಅಳತೆಯಲ್ಲಿ ಹೇಳಿದರೆ ಸುಮಾರು 1.8 ಪಿಎಸ್‌ಐ. ಅರ್ಧ ಮೀಟರ್ ಆಳದ ನೀರಿನ ಒತ್ತಡ ಮತ್ತೊಂದು 0.7. ಒಟ್ಟು ಎರಡೂವರೆ ಪಿಎಸ್‌ಐ ಬಲದಿಂದ ನೀರು, ಹಬ್ಬಿನ ಹಿಂಬದಿಯಲ್ಲಿ ಗ್ರೀಸನ್ನು ಒಳಗೇ ತಡೆದಿಡುವ ಆಯಿಲ್ ಸೀಲಿನ ಮೇಲೆ ಒತ್ತುತ್ತದೆ. ಸವೆದ ಸೀಲ್ ಅದನ್ನು ತಡೆಯಲಾರದು. ದೋಣಿ ಟ್ರೈಲರ್‌ಗೆ ಸ್ಪ್ರಿಂಗ್ ಇರುವ ಎರಡು ತುಟಿಯ ಸೀಲನ್ನೇ ಹಾಕಬೇಕೆನ್ನುವುದು ಅದಕ್ಕೇ. ಮತ್ತು ನನ್ನ ಮಟ್ಟಿಗೆ, ದುಬಾರಿ ಗ್ರೀಸಿಗಿಂತ ಮೊದಲು ದುಡ್ಡು ಹಾಕಬೇಕಾದದ್ದು ಈ ಸೀಲಿನ ಮೇಲೆ.

‘ಬೇರಿಂಗ್ ಬಡ್ಡಿ’ (ಇಂಗ್ಲಿಷಿನಲ್ಲಿ ಬಡ್ಡಿ ಎಂದರೆ ಗೆಳೆಯ) ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಲೋಹದ ಮುಚ್ಚಳ ಬೇರೆ ಉಪಾಯ ಹಿಡಿಯುತ್ತದೆ. ಹಬ್ಬಿನ ಪೊಳ್ಳನ್ನೆಲ್ಲ ಗ್ರೀಸಿನಿಂದ ತುಂಬಿದರೆ ಕುಗ್ಗಲು ಗಾಳಿಯೇ ಉಳಿಯುವುದಿಲ್ಲ. ಮೇಲಾಗಿ ಮುಚ್ಚಳದೊಳಗಿನ ಸ್ಪ್ರಿಂಗ್ ಗ್ರೀಸನ್ನು ಸುಮಾರು 3 ಪಿಎಸ್‌ಐ ಒತ್ತಡದಲ್ಲಿ ಸದಾ ಒಳಕ್ಕೆ ತಳ್ಳುತ್ತಿರುತ್ತದೆ. ಮೇಲಿನ ಎರಡೂವರೆಗಿಂತ ಇದು ಸ್ವಲ್ಪವೇ ಹೆಚ್ಚು. ಆ ಸ್ವಲ್ಪವೇ ಸಾಕು. ಅತಿಯಾಗಿ ಪಂಪ್ ಮಾಡಿದರೆ ಮಾತ್ರ ಅದೇ ಗ್ರೀಸ್ ಹಿಂಬದಿಯ ಸೀಲನ್ನು ಎಬ್ಬಿಸಿ ಬ್ರೇಕ್ ಶೂ ಮೇಲೆ ಹರಡುತ್ತದೆ. ಗ್ರೀಸ್ ಗನ್ ಅನ್ನು ಕೈಯಿಂದ, ನಿಧಾನವಾಗಿ, ಚಕ್ರ ತಿರುಗಿಸುತ್ತಾ ಒತ್ತಬೇಕು.

ಒಳಗೆ ಹೋದ ನೀರು ಮಾಡುವುದೇನು? ರೋಲರ್ ಮತ್ತು ಅದು ಉರುಳುವ ಹೊರಗಿನ ಉಕ್ಕಿನ ಬಳೆಯ (ಇದಕ್ಕೆ ‘ಕಪ್’ ಎನ್ನುತ್ತಾರೆ) ನಡುವೆ ಗ್ರೀಸಿನಿಂದ ಬರುವ ಎಣ್ಣೆಯ ಪದರ ಒಂದು ಮೈಕ್ರಾನ್‌ಗಿಂತ ತೆಳು. ಅಲ್ಲಿನ ಒತ್ತಡ ವಾತಾವರಣದ ಒತ್ತಡದ ಸಾವಿರಾರು ಪಟ್ಟು. ಇಷ್ಟು ಒತ್ತಿದಾಗ ಎಣ್ಣೆ ಕ್ಷಣಮಾತ್ರ ಬಹುತೇಕ ಗಟ್ಟಿಯಾಗಿ ಉಕ್ಕನ್ನು ಉಕ್ಕಿನಿಂದ ದೂರ ಇಡುತ್ತದೆ. ನೀರಿಗೆ ಈ ಗುಣವಿಲ್ಲ, ಹಿಂಡಿದರೆ ಜಾರಿಬಿಡುತ್ತದೆ. ಲೋಹಕ್ಕೆ ಲೋಹ ತಾಗುತ್ತದೆ. ಎಣ್ಣೆಯಲ್ಲಿ ಓಡುವ ಟೇಪರ್ ರೋಲರ್ ಬೇರಿಂಗ್‌ಗಳ ಬಗ್ಗೆ ಕ್ಯಾಂಟ್ಲಿ ಎಂಬ ಸಂಶೋಧಕರು 1977ರಲ್ಲಿ ಒಂದು ಸೂತ್ರ ಕೊಟ್ಟರು. ಎಣ್ಣೆಯಲ್ಲಿ ಶೇ 0.01ರಷ್ಟು ನೀರಿದ್ದಾಗಿನ ಬಾಳಿಕೆಯನ್ನು 100 ಎಂದುಕೊಂಡರೆ, ಆ ಸೂತ್ರದ ಪ್ರಕಾರ ನೀರು ಶೇ 0.04 ಆದಾಗ ಬಾಳಿಕೆ ಸುಮಾರು 44ಕ್ಕೆ ಇಳಿಯುತ್ತದೆ. ಕಣ್ಣಿಗೆ ಕಾಣದಷ್ಟು ನೀರಿಗೆ ಅರ್ಧಕ್ಕಿಂತ ಹೆಚ್ಚು ಆಯಸ್ಸು ಹೋಯಿತು.

ಇನ್ನು ಗ್ರೀಸಿನ ಆಯ್ಕೆ. ಇಲ್ಲಿ ರಸಾಯನಶಾಸ್ತ್ರ ನಿಜಕ್ಕೂ ರುಚಿಕರ. ಗ್ರೀಸ್ ಎಂದರೆ ಬಹುಪಾಲು ಎಣ್ಣೆ. ಅದನ್ನು ಹಿಡಿದು ನಿಲ್ಲಿಸುವ ಮಂದಕಾರಿ ಹೆಚ್ಚಿನ ಗ್ರೀಸ್‌ಗಳಲ್ಲಿ ಒಂದು ಬಗೆಯ ಸೋಪು. ಹಿಂದೆ ಚಕ್ರದ ಬೇರಿಂಗ್‌ಗೆ ಬಳಸುತ್ತಿದ್ದ ಸೋಡಿಯಂ ಗ್ರೀಸ್ ಶಾಖ ತಡೆಯುತ್ತಿತ್ತು, ಆದರೆ ಸ್ನಾನದ ಸೋಪಿನ ಹಾಗೆ ನೀರಿನಲ್ಲಿ ಕದಡಿ ಹೋಗುತ್ತಿತ್ತು. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ನೊರೆ ಬರದೆ ಬಿಳಿ ಗಸಿಯಾಗಿ ಬಕೆಟ್ಟಿಗೆ ಅಂಟುತ್ತದಲ್ಲ, ಅದರಲ್ಲಿ ಹೆಚ್ಚಿನದು ಕ್ಯಾಲ್ಸಿಯಂ ಸೋಪು, ನೀರಿನಲ್ಲಿ ಕರಗದು. ಅದೇ ಗುಣದ ಕ್ಯಾಲ್ಸಿಯಂ ಗ್ರೀಸ್ ನೀರಿಗೆ ಜಗ್ಗುತ್ತಿರಲಿಲ್ಲ, ಆದರೆ ಹಳೆಯ ಬಗೆಯದು ನೂರು ಡಿಗ್ರಿ ತಲುಪುವ ಮೊದಲೇ ಹದ ಕಳೆದುಕೊಳ್ಳುತ್ತಿತ್ತು. 1940ರ ದಶಕದಲ್ಲಿ ಬಂದ ಲಿಥಿಯಂ ಗ್ರೀಸ್ ಎರಡನ್ನೂ ತಕ್ಕಮಟ್ಟಿಗೆ ನಿಭಾಯಿಸಿ ಜಗತ್ತನ್ನೇ ಆವರಿಸಿತು.

ಇಂದು ಸಿಹಿನೀರಿನ ಸರೋವರಕ್ಕೆ ಒಳ್ಳೆಯ ಲಿಥಿಯಂ ಕಾಂಪ್ಲೆಕ್ಸ್ ಗ್ರೀಸ್ ಸಾಕು. ಡಬ್ಬಿಯ ಮೇಲೆ ಎನ್‌ಎಲ್‌ಜಿಐ 2 ಎಂಬ ಗಟ್ಟಿತನದ ದರ್ಜೆ ಮತ್ತು ಚಕ್ರದ ಬೇರಿಂಗಿಗೆ ತಕ್ಕದ್ದೆಂದು ಹೇಳುವ ಜಿಸಿ-ಎಲ್‌ಬಿ ಗುರುತು ಇರಬೇಕು. ಫ್ಲಾರಿಡಾದಂತೆ ಸಮುದ್ರಕ್ಕೆ ಇಳಿಸುವವರು ಕ್ಯಾಲ್ಸಿಯಂ ಸಲ್ಫೋನೇಟ್ ಗ್ರೀಸ್ ಹಾಕಲಿ; ತುಕ್ಕು ತಡೆಯುವುದು ಅದರ ಹುಟ್ಟುಗುಣ, ಬೆಲೆ ಹೆಚ್ಚಾದರೂ ಅದಕ್ಕೆ ತಕ್ಕ ಕೆಲಸ ಮಾಡುತ್ತದೆ. ಗ್ರೀಸಿನ ನೀಲಿ, ಕೆಂಪು, ಹಸಿರು ಬರೀ ಬಣ್ಣ. ಬಣ್ಣ ಒಂದೇ ಎಂದು ಬೇರೆ ಜಾತಿಯದನ್ನು ಬೆರೆಸಬಾರದು. ಸೋಪಿನ ಬದಲು ಬೇರೆ ಮಂದಕಾರಿ ಇರುವ ಪಾಲಿಯೂರಿಯಾ ಗ್ರೀಸಿಗೆ ಲಿಥಿಯಂ ಸೇರಿದರೆ ಎಷ್ಟೋ ವೇಳೆ ಎರಡೂ ನೀರಾಗಿ ಹರಿದುಬಿಡುತ್ತವೆ.

ಗ್ರೀಸಿನ ಬದಲು ಎಣ್ಣೆ ತುಂಬಿದ ಹಬ್‌ಗಳೂ ಇವೆ. ಪಾರದರ್ಶಕ ಮುಚ್ಚಳದಲ್ಲಿ ಎಣ್ಣೆ ಹಾಲಿನಂತೆ ಬೆಳ್ಳಗಾದರೆ ನೀರು ಹೊಕ್ಕಿದೆ ಎಂದು ಕೂಡಲೇ ತಿಳಿಯುತ್ತದೆ. ಸೀಲ್ ಸೋರಿದರೆ ಮಾತ್ರ ಎಣ್ಣೆಯೆಲ್ಲ ಹೋಗಿಬಿಡುತ್ತದೆ. ದಿನವೂ ಓಡುವ ಗಾಡಿಗೆ ಅದು ಚೆನ್ನ, ತಿಂಗಳುಗಟ್ಟಲೆ ನಿಲ್ಲುವುದಕ್ಕೆ ಗ್ರೀಸೇ ಮೇಲು.

ವರ್ಷಕ್ಕೊಮ್ಮೆ ಹಬ್ ಬಿಚ್ಚಲೇಬೇಕು, ಯಾವ ಮುಚ್ಚಳವಿದ್ದರೂ. ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಪೂರ್ತಿ ತೊಳೆದು ಒಣಗಿಸಿ, ಅಂಗೈಯಲ್ಲಿ ಗ್ರೀಸ್ ಮುದ್ದೆ ಇಟ್ಟುಕೊಂಡು, ಬೇರಿಂಗಿನ ಅಗಲವಾದ ತುದಿಯನ್ನು ಅದಕ್ಕೆ ಒತ್ತುತ್ತಾ ಹೋಗಬೇಕು. ಇನ್ನೊಂದು ತುದಿಯಲ್ಲಿ ರೋಲರ್‌ಗಳ ಸಂದಿಯಿಂದ ಗ್ರೀಸ್ ಇಣುಕುವವರೆಗೆ. ಸೀಲ್ ಪ್ರತಿಸಲವೂ ಹೊಸದು, ಸ್ಪ್ಲಿಟ್ ಪಿನ್ನೂ ಹೊಸದು. ನಟ್ಟನ್ನು ಚಕ್ರ ತಿರುಗಿಸುತ್ತಾ ಬಿಗಿಮಾಡಿ, ಸಡಿಲಿಸಿ, ಕೊನೆಗೆ ಬೆರಳಿನ ಬಿಗಿಗೆ ತರಬೇಕು. ಬಲವಾಗಿ ಬಿಗಿದರೆ ಎಂಥ ಗ್ರೀಸೂ ಉಳಿಸದು. ಕೆಸರುಗದ್ದೆಯಲ್ಲಿ ಓಡಾಡುವ ನಮ್ಮ ಟ್ರ್ಯಾಕ್ಟರ್‌ಗಳ ಮುಂಚಕ್ರದ ಹಬ್‌ಗೂ ಇದೇ ಆರೈಕೆ ಬೇಕು. ಅಲ್ಲಿ ನೀರಿನ ಜೊತೆ ಮಣ್ಣೂ ಸೇರುವುದರಿಂದ ಇನ್ನೂ ಬೇಗ ಬೇಗ.

ಈ ಕೆಲಸವನ್ನು ವಸಂತದಲ್ಲಿ, ದೋಣಿ ಹೊರತೆಗೆಯುವ ಮುನ್ನ ಮಾಡುವವರೇ ಹೆಚ್ಚು. ಮಾಡಬೇಕಾದದ್ದು ಶರತ್ಕಾಲದಲ್ಲಿ, ದೋಣಿಯನ್ನು ಶೆಡ್ಡಿಗೆ ಸೇರಿಸುವ ಮುನ್ನ. ಬೇಸಿಗೆಯಲ್ಲಿ ಹೊಕ್ಕ ನೀರು, ಚಕ್ರ ಅಲುಗದ ಆರು ತಿಂಗಳಲ್ಲಿ, ರೋಲರ್‌ಗಳು ಕಪ್ಪಿಗೆ ತಾಗಿದ ಗೆರೆಗಳಲ್ಲೇ ನಿಂತು ಉಕ್ಕನ್ನು ತಿನ್ನುತ್ತದೆ. ಬಿಚ್ಚಿದಾಗ ಕಪ್ಪಿನ ಒಳಮೈಯಲ್ಲಿ ರೋಲರ್‌ಗಳಷ್ಟೇ ಅಂತರದ ಕಪ್ಪು ಗೆರೆಗಳು ಕಂಡು, ಉಗುರಿಗೆ ತಡೆದರೆ, ಹೊಸ ಗ್ರೀಸ್ ಹಾಕಿ ಪ್ರಯೋಜನವಿಲ್ಲ. ಕಪ್ ಮತ್ತು ಬೇರಿಂಗ್ ಎರಡನ್ನೂ ಜೊತೆಯಾಗಿಯೇ ಬದಲಿಸಬೇಕು.