ನಾಯಿ ಜೊತೆಗಿದ್ರೆ ಚಿರತೆ ಬರಲ್ವಂತೆ, ಹೌದಾ?

ಪ್ರಶ್ನೆ: ಲಿಂಗನಮಕ್ಕಿ ಹಿನ್ನೀರಿನ ಹತ್ತಿರ ಟೆಂಟ್ ಹಾಕ್ಬೇಕು ಅಂತಿದ್ದೀವಿ. ನಮ್ಮ ನಾಯಿಯನ್ನೂ ಕರ್ಕೊಂಡು ಹೋಗಬಹುದಾ? ರಾತ್ರಿ ಕಾವಲಿಗೂ ಆಗುತ್ತಲ್ಲ.

ಮಳೆಗಾಲ ಮುಗಿದು ಸಾಗರದ ಕಡೆ ಬಿಸಿಲು ಬಿತ್ತು ಅಂದ್ರೆ ಈ ಪ್ರಶ್ನೆ ಬಂದೇ ಬರುತ್ತದೆ. ಜಾಗ ಅಭಯಾರಣ್ಯದ ಒಳಗಿದ್ದರೆ ನಾಯಿ ಬೇಡ, ಅನುಮತಿ ಇಲ್ಲದೆ ಟೆಂಟೂ ಬೇಡ. ಹೊರಗಿದ್ದರೆ ಅಲ್ಲಿಯವರನ್ನು ಕೇಳಿ ಕರೆದುಕೊಂಡು ಹೋಗಿ, ಹಗ್ಗ ಮಾತ್ರ ಬಿಚ್ಚಬೇಡಿ. ಅಷ್ಟೇ ಉತ್ತರ.

ನನ್ನ ತಕರಾರು ಆ ಕೊನೆಯ ಮಾತಿನ ಮೇಲೆ. ಕಾವಲಂತೆ!

ಚಿರತೆಗೆ ನಾಯಿ ಅಂದ್ರೆ ಭಯ ಅಲ್ಲ, ಊಟ. ಮಲೆನಾಡಿನ ಒಂಟಿ ಮನೆಯವರನ್ನು ಕೇಳಿ ನೋಡಿ. ಕೊಟ್ಟಿಗೆ ತುಂಬ ದನ ಇದ್ದರೂ ಜಗಲಿಯಲ್ಲಿ ಮಲಗಿದ್ದ ನಾಯಿಯನ್ನೇ ಎತ್ತಿಕೊಂಡು ಹೋಯ್ತು ಅನ್ನುತ್ತಾರೆ. ಕತ್ತಲಾಗುತ್ತಿದ್ದ ಹಾಗೆ ನಾಯಿಯನ್ನು ಒಳಗೆ ಕೂಡುವುದು ಸುಮ್ನೆ ಅಲ್ಲ. ಚಿರತೆ ಒಂಟಿ ಬೇಟೆಗಾರ. ಕಾಲಿಗೆ ಗಾಯವಾಯ್ತೋ, ಉಪವಾಸ ಬೀಳಬೇಕು. ಹಾಗಾಗಿ ಅದಕ್ಕೆ ಬೇಕಾಗಿರುವುದು ಕೊಂಬಿಲ್ಲದ, ಒಂದೇ ಹಿಡಿತಕ್ಕೆ ಸಿಗುವ, ಕಚ್ಚಿಕೊಂಡು ಓಡಲು ಹಗುರಾದ ಪ್ರಾಣಿ. ನಾಯಿ ಸರಿಯಾಗಿ ಆ ಅಳತೆಯದ್ದು.

ಬೊಗಳುತ್ತಲ್ಲ ಅಂತೀರಿ. ಬೊಗಳಿದರೆ ನಿಮಗೆ ಎಚ್ಚರ ಆಗುತ್ತದೆ, ನಿಜ. ನಾಯಿ ಎಲ್ಲಿದೆ ಅಂತ ಚಿರತೆಗೂ ಗೊತ್ತಾಗುತ್ತದೆ. ಇನ್ನು "ನಮ್ದು ಜರ್ಮನ್ ಶೆಫರ್ಡ್, ಅಂಥಿಂಥ ನಾಯಿ ಅಲ್ಲ" ಅನ್ನುವವರು. ಧೈರ್ಯದ ನಾಯಿಯ ಅಪಾಯವೇ ಬೇರೆ. ಹಂದಿಯನ್ನೋ ಕಾಟಿಯನ್ನೋ (ಕಾಡುಕೋಣ) ಕಂಡರೆ ಅಟ್ಟಿಸಿಕೊಂಡು ಹೋಗುತ್ತದೆ. ಅದು ತಿರುಗಿ ಬಿತ್ತು ಅಂದ್ರೆ ನಾಯಿ ನೆಟ್ಟಗೆ ಓಡಿ ಬರುವುದು ಯಜಮಾನರ ಹತ್ತಿರ, ಹಿಂದೆ ಕಾಟಿಯೂ! ಆದ್ದರಿಂದ ರಾತ್ರಿ ನಾಯಿ ಟೆಂಟಿನೊಳಗೆ, ನಿಮ್ಮ ಪಕ್ಕದಲ್ಲೇ ಇರಲಿ. ಹೊರಗೆ ಗೂಟಕ್ಕೆ ಕಟ್ಟಿದರೆ ಓಡಿ ತಪ್ಪಿಸಿಕೊಳ್ಳಲೂ ಅದಕ್ಕೆ ಆಗುವುದಿಲ್ಲ. ತಿಂದು ಬಿಟ್ಟ ಎಲುಬು, ಅನ್ನವನ್ನೂ ಹೊರಗೆ ಚೆಲ್ಲಬೇಡಿ.

ನೀರಿನ ಹತ್ತಿರವೂ ಹುಷಾರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ದಂಡೆ ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಕೆಳಗೆ ಹೂಳು. 1964ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು, ಅಂದು ಮುಳುಗಿದ ಮರಗಳ ಬೊಡ್ಡೆ ಇನ್ನೂ ನೀರಲ್ಲಿವೆ. ಕೋಲು ಎಸೆದು ನಾಯಿಯನ್ನು ನೀರಿಗೆ ಹಾರಿಸುವ ಆಟ ಬೇಡ.

ಚಿರತೆ ಬಗ್ಗೆ ಎಲ್ಲರೂ ಕೇಳುತ್ತಾರೆ, ರಕ್ತ ಹೀರುವ ಉಣುಗಿನ (ಉಣ್ಣೆ) ಬಗ್ಗೆ ಯಾರೂ ಕೇಳಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದು ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗು. ಅದರ ಕಾಟ ಜಾಸ್ತಿ ಇರುವುದು ಡಿಸೆಂಬರಿನಿಂದ ಮೇ ತನಕ, ಅಂದರೆ ನೀವು ಟೆಂಟ್ ಹಾಕುವ ಹೊತ್ತಿಗೇ. ಮಂಗ ಸತ್ತಿದೆ ಅನ್ನುವ ಸುದ್ದಿ ಇರುವ ಕಡೆ ಕಾಲಿಡಬೇಡಿ. ಮರಿ ಉಣುಗು ಎಳ್ಳಿನಷ್ಟಿರುತ್ತದೆ, ನಾಯಿಯ ಕೂದಲಲ್ಲಿ ಕೂತು ನಿಮ್ಮ ಹಾಸಿಗೆ ತನಕ ಬರಬಹುದು. ಟೆಂಟಿಗೆ ಬಿಡುವ ಮೊದಲು ಕಿವಿಯ ಒಳಗೆ, ಬೆರಳ ಸಂದಿ, ಬಾಲದ ಬುಡ, ಕೊರಳಪಟ್ಟಿಯ ಅಡಿ ಬೆರಳಾಡಿಸಿ ನೋಡಿ. ಕಚ್ಚಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿದ ಹಾಗೆ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಮನೆಗೆ ಬಂದ ಮೇಲೆ ನಿಮಗೆ ಜ್ವರ ಬಂದರೆ, ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಮೊದಲೇ ಹೇಳಿಬಿಡಿ.