ಲಾಮಲೆರಾ: ತಿಮಿಂಗಿಲ ಸಿಗುವ ಮೊದಲೇ ಪಾಲಾಗಿರುವ ಊರು

ಲಾಮಲೆರಾದಲ್ಲಿ ತಿಮಿಂಗಿಲದ ತಲೆ ಯಾರಿಗೆ, ಬೆನ್ನು ಯಾರಿಗೆ, ಬಾಲದ ಕಡೆಯ ತುಂಡು ಯಾರಿಗೆ ಎಂಬುದು ಅದು ಇನ್ನೂ ಸಮುದ್ರದಲ್ಲಿ ಈಜುತ್ತಿರುವಾಗಲೇ ತೀರ್ಮಾನವಾಗಿರುತ್ತದೆ. ದಡಕ್ಕೆ ಎಳೆದು ತಂದ ಮೇಲೆ ಜಗಳ ಆಡುವುದಕ್ಕೆ ಏನೂ ಉಳಿದಿರುವುದಿಲ್ಲ, ಕತ್ತಿ ಆಡಿಸುವುದಷ್ಟೇ ಬಾಕಿ. ತಿಮಿಂಗಿಲ ಬೇಟೆ ಸರಿಯೋ ತಪ್ಪೋ ಎಂದು ಜಗತ್ತು ಈ ಊರಿನ ಬಗ್ಗೆ ದಶಕಗಳಿಂದ ವಾದಿಸುತ್ತಿದೆ. ಆ ವಾದ ಯಾಕೆ ಮುಗಿಯುತ್ತಿಲ್ಲ ಎಂದು ತಿಳಿಯಬೇಕಾದರೆ ಈಟಿಗಿಂತ ಮೊದಲು ಈ ಪಾಲಿನ ಲೆಕ್ಕವನ್ನು ನೋಡಬೇಕು.

ಊರು ಇರುವುದು ಇಂಡೊನೇಷ್ಯಾದ ಪೂರ್ವ ನುಸಾ ತೆಂಗಾರಾ ಪ್ರಾಂತ್ಯದ ಲೆಂಬಾಟಾ ದ್ವೀಪದಲ್ಲಿ, ಫ್ಲೋರೆಸ್ ದ್ವೀಪದಿಂದ ಪೂರ್ವಕ್ಕೆ. ಜಿಲ್ಲಾ ಕೇಂದ್ರ ಲೆವೊಲೆಬಾ ದ್ವೀಪದ ಉತ್ತರಕ್ಕಿದೆ, ಲಾಮಲೆರಾ ದಕ್ಷಿಣದ ಕರಾವಳಿಯಲ್ಲಿದೆ. ಬೆನ್ನಿಗೆ ಜ್ವಾಲಾಮುಖಿ ಬೆಟ್ಟ, ಎದುರಿಗೆ 'ಸಾವು' (Savu) ಎಂಬ ಹೆಸರಿನ ಸಮುದ್ರ. ಕಡಿದಾದ ಕಲ್ಲುನೆಲದಲ್ಲಿ ಬೆಳೆ ಹೇಳಿಕೊಳ್ಳುವಷ್ಟು ಬರುವುದಿಲ್ಲ. ಇಲ್ಲಿಯವರು ಮೂಲತಃ ಈ ನೆಲದವರೂ ಅಲ್ಲ. ಸುಲಾವೆಸಿಯ ಲುವುಕ್ ಕಡೆಯಿಂದ ಹೊರಟು ದ್ವೀಪದಿಂದ ದ್ವೀಪಕ್ಕೆ ಅಲೆದು, ಲೆಪಾನ್ ಬಾಟಾನ್ ಎಂಬಲ್ಲಿ ನೆಲೆಸಿದ್ದಾಗ ಅದನ್ನು ಸಮುದ್ರ ನುಂಗಿತು, ಆಮೇಲೆ ಇಲ್ಲಿಗೆ ಬಂದೆವು ಎಂದು ಅವರ ಕಥೆ ಹೇಳುತ್ತದೆ. ಮೊದಲೇ ಇದ್ದವರು ಭೂಮಿಯ ಒಡೆಯರಾಗಿ ಉಳಿದರು, ಬಂದವರಿಗೆ ಸಿಕ್ಕಿದ್ದು ಕಡಲು. ಇಂದಿಗೂ ಹಂಗಾಮಿನ ಆರಂಭದಲ್ಲಿ ಬೆಟ್ಟ ಹತ್ತಿ, ತಿಮಿಂಗಿಲದ ಆಕಾರದ ಬಂಡೆಯ ಬಳಿ ನಿಂತು ಅವುಗಳನ್ನು ಕರೆಯುವುದು ಆ ಭೂಮಿಯ ಒಡೆಯರ ಹಕ್ಕು. ಅವರಿಗೂ ಪಾಲು ಉಂಟು.

ಊರಿನ ಮೂರು ಮುಖ್ಯ ಕುಲಗಳನ್ನು ಒಟ್ಟಿಗೆ 'ಲಿಕಾ ತೆಲೊ' ಎನ್ನುತ್ತಾರೆ. ಒಲೆಯ ಮೂರು ಗುಂಡು ಎಂದರ್ಥ. ಒಂದು ಗುಂಡು ಅಲುಗಿದರೆ ಮಡಕೆ ಏನಾಗುತ್ತದೆ ಎಂದು ಹಳ್ಳಿಯಲ್ಲಿ ಅಡುಗೆ ಮಾಡಿದವರಿಗೆ ಹೇಳಬೇಕಿಲ್ಲ.

ಬೇಟೆಯ ದೋಣಿಯ ಹೆಸರು 'ತೆನಾ'. ಕಬ್ಬಿಣದ ಮೊಳೆ ಹೊಡೆಯದೆ, ಹಲಗೆಗಳನ್ನು ಮರದ ಗೂಟಗಳಿಂದ ಬೆಸೆದು ಕಟ್ಟುತ್ತಾರೆ. ಹಾಯಿ ಎಂದರೆ ತಾಳೆಯ ಜಾತಿಯ ಗೆಬಾಂಗ್ ಮರದ ಗರಿಯಿಂದ ಹೆಣೆದ ಚಾಪೆ. ಹಳೆಯದು ಒಡೆದುಹೋದರೆ ಅದೇ ಅಳತೆಯಲ್ಲಿ, ಅದೇ ಹೆಸರಿನಲ್ಲಿ ಮತ್ತೊಂದನ್ನು ಕಟ್ಟುತ್ತಾರೆ. ದೋಣಿ ಒಬ್ಬನದಲ್ಲ, ಒಂದು ಮನೆತನದ್ದು. ಅದರ ಮೂತಿಯಲ್ಲಿ ಮುಂದಕ್ಕೆ ಚಾಚಿದ ಬಿದಿರಿನ ಅಟ್ಟಣೆಯ ಮೇಲೆ 'ಲಾಮಾಫಾ', ಅಂದರೆ ಈಟಿಗಾರ, ನಿಲ್ಲುತ್ತಾನೆ. ಅವನು ಈಟಿಯನ್ನು ಎಸೆಯುವುದಿಲ್ಲ. ಉದ್ದನೆಯ ಬಿದಿರಿನ ತುದಿಗೆ ಕಬ್ಬಿಣದ ಅಲಗು ಸಿಕ್ಕಿಸಿ, ತನ್ನ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ, ಪ್ರಾಣಿಯ ಬೆನ್ನ ಮೇಲಕ್ಕೇ ಹಾರುತ್ತಾನೆ. ಅಲಗು ನಾಟುತ್ತದೆ, ಬಿದಿರು ಕಳಚಿಕೊಳ್ಳುತ್ತದೆ, ಹಗ್ಗ ಬಿಗಿಯುತ್ತದೆ. ಅವನು ಈಜಿ ದೋಣಿಗೆ ಮರಳಬೇಕು, ಬಾಲದ ಏಟು ತಪ್ಪಿದರೆ. ಗಾಯಗೊಂಡ ತಿಮಿಂಗಿಲ ದೋಣಿಯನ್ನು ನಡುಗಡಲಿಗೆ ಎಳೆದೊಯ್ಯುವುದೂ ಉಂಟು. 1994ರಲ್ಲಿ ಹಾಗೆ ದಿನಗಟ್ಟಲೆ ತೇಲಿಹೋದವರನ್ನು ಪ್ರವಾಸಿ ಹಡಗೊಂದು ಕಾಪಾಡಿತು.

ಬೇಟೆಯಾಡುವುದು ಮುಖ್ಯವಾಗಿ ಸ್ಪರ್ಮ್ ತಿಮಿಂಗಿಲವನ್ನು. ನಮ್ಮ ಪತ್ರಿಕೆಗಳಲ್ಲಿ ಆಗಾಗ 'ತಿಮಿಂಗಿಲ ವಾಂತಿ ಸಾಗಣೆ, ಬಂಧನ' ಎಂದು ಬರುತ್ತದಲ್ಲ, ಆ ಅಂಬರ್‌ಗ್ರಿಸ್ ಹುಟ್ಟುವುದು ಇದೇ ಜೀವಿಯ ಕರುಳಿನಲ್ಲಿ. ನೀಲಿ ತಿಮಿಂಗಿಲವನ್ನು ಮಾತ್ರ ಮುಟ್ಟುವಂತಿಲ್ಲ. ಹಿಂದೊಮ್ಮೆ ಪೂರ್ವಜನನ್ನು ಬೆನ್ನ ಮೇಲೆ ಹೊತ್ತು ತಂದದ್ದು ಅದು ಎಂಬ ನಂಬಿಕೆ.

ಇನ್ನು ಪಾಲು. ಹಿಂದೆ ನಮ್ಮ ಹಳ್ಳಿಗಳಲ್ಲಿ ಕಣದಲ್ಲಿ ರಾಶಿ ಬಿದ್ದ ದಿನ ಬಡಗಿಗೆ, ಕಮ್ಮಾರನಿಗೆ, ಅಗಸನಿಗೆ ಆಯ ಅಳೆದು ಕೊಡುತ್ತಿದ್ದುದನ್ನು ಕೇಳಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ದೋಣಿ ಕಟ್ಟಿದ ಬಡಗಿಗೆ, ಅಲಗು ಬಡಿದ ಕಮ್ಮಾರನಿಗೆ, ಹಾಯಿ ಹೆಣೆದವರಿಗೆ, ಹುಟ್ಟು ಹಾಕಿದವರಿಗೆ, ದೋಣಿಯ ಮನೆತನಕ್ಕೆ ತಿಮಿಂಗಿಲದ ಮೈಯಲ್ಲಿ ಇಂತಿಂಥ ಭಾಗ ಎಂದು ಗೊತ್ತುಮಾಡಿದೆ. ಅಲ್ಲಿಂದ ಅದು ನೆಂಟರಿಗೆ, ನೆರೆಯವರಿಗೆ, ಕಡಲಿಗಿಳಿಯುವ ಗಂಡಸಿಲ್ಲದ ಮನೆಗಳಿಗೆ ಮತ್ತೆ ಹರಿದು ಹಂಚಿಹೋಗುತ್ತದೆ.

ಗಂಡಸರ ಸಾಹಸದ ಫೋಟೊಗಳೇ ಹೊರಗೆ ಓಡಾಡುತ್ತವೆ. ಆದರೆ ಮಾಂಸ ಅನ್ನವಾಗುವುದು ಹೆಂಗಸರ ತಲೆಹೊರೆಯಲ್ಲಿ. ಸೀಳಿ ಬಿಸಿಲಿಗೆ ಒಣಗಿಸಿದ ಪಟ್ಟಿಗಳನ್ನು ಬುಟ್ಟಿಯಲ್ಲಿಟ್ಟು ಬೆಟ್ಟದ ಊರುಗಳಿಗೆ ನಡೆದುಹೋಗಿ ಮೆಕ್ಕೆಜೋಳ, ಬಾಳೆಕಾಯಿ, ಗೆಣಸು ತರುತ್ತಾರೆ. ಶನಿವಾರ ವುಲಾಂಡೊನಿಯ ಸಂತೆ. ಬೆಟ್ಟದವರು ಒಂದು ಕಡೆ, ಕಡಲಿನವರು ಇನ್ನೊಂದು ಕಡೆ. ಸಂತೆಯ ಅಧಿಕಾರಿ ಸೀಟಿ ಊದಿದ ಮೇಲೆಯೇ ವಿನಿಮಯ ಶುರು. ಲೆಕ್ಕ 'ಮುಂಗಾ'ದಲ್ಲಿ, ಒಂದು ಮುಂಗಾ ಎಂದರೆ ಆರು. ನೋಟು ಇಲ್ಲವೆಂದಲ್ಲ, ನೋಟಿಗೂ ಮೊದಲು ಈ ಆರರ ಲೆಕ್ಕ.

ಹೊರಗಿನವರು ಬಂದದ್ದು ಒಬ್ಬರ ಹಿಂದೆ ಒಬ್ಬರು. ಈ ದ್ವೀಪಗಳವರು ಈಟಿಯಿಂದ ತಿಮಿಂಗಿಲ ಹಿಡಿಯುವುದನ್ನು 17ನೇ ಶತಮಾನದ ಪೋರ್ಚುಗೀಸರು ಬರೆದಿಟ್ಟಿದ್ದಾರೆ. 1886ರಲ್ಲಿ ಕ್ಯಾಥೊಲಿಕ್ ಪಾದ್ರಿಗಳು ಇಲ್ಲಿ ಮೊದಲ ದೀಕ್ಷಾಸ್ನಾನ ಮಾಡಿಸಿದರು. ಚರ್ಚು ಬೇಟೆಯ ಜೊತೆ ಜಗಳಕ್ಕೆ ನಿಲ್ಲಲಿಲ್ಲ, ಅದರೊಳಗೇ ಸೇರಿಕೊಂಡಿತು. ಏಪ್ರಿಲ್ 30ರ ಸಂಜೆ ಕಡಲಲ್ಲಿ ಸತ್ತವರ ಹೆಸರಿನಲ್ಲಿ ಮೇಣದ ಬತ್ತಿಗಳನ್ನು ನೀರಿನ ಮೇಲೆ ತೇಲಿಬಿಡುತ್ತಾರೆ. ಮೇ 1ರಂದು ಮರಳ ದಂಡೆಯಲ್ಲೇ ಪೂಜೆ ನಡೆದು, ಪಾದ್ರಿ ದೋಣಿಗಳಿಗೆ ತೀರ್ಥ ಚಿಮುಕಿಸುತ್ತಾರೆ. 'ಲೆಫಾ' ಹಂಗಾಮು ತೆರೆಯುವುದು ಹೀಗೆ, ಅಕ್ಟೋಬರ್‌ವರೆಗೆ.

1970ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಬಂತು. ಪಾಪ, ಉದ್ದೇಶ ಒಳ್ಳೆಯದೇ. ನಾರ್ವೆಯ ಅನುಭವಿ ಬೇಟೆಗಾರನನ್ನು ಕಳಿಸಿ, ಯಂತ್ರದ ಹಡಗಿನಿಂದ ತಿಮಿಂಗಿಲ ಹಿಡಿಯುವುದನ್ನು ಕಲಿಸಲು ಹೊರಟಿತು. ಯೋಜನೆ ಬೇರೂರಲಿಲ್ಲ. ನನಗೆ ಕಾಣುವ ಕಾರಣ ಸರಳ: ಆ ಹಡಗಿಗೆ ಹಲಗೆ ಕೂಡಿಸಿದ ಊರಿನ ಬಡಗಿ ಯಾರು, ಹಾಯಿ ಹೆಣೆದ ಮನೆ ಯಾವುದು? ಮಾಂಸ ಎಷ್ಟೇ ಬರಲಿ, ಅದನ್ನು ಹಂಚಲು ಹಿಡಿಕೆಯೇ ಇಲ್ಲ.

ಅಂತರರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗ ವಾಣಿಜ್ಯ ಬೇಟೆಗೆ ತಡೆ ಹಾಕಲು 1982ರಲ್ಲಿ ತೀರ್ಮಾನಿಸಿತು, 1986ರಿಂದ ಅದು ಜಾರಿಗೆ ಬಂತು. ಇಂಡೊನೇಷ್ಯಾ ಆ ಆಯೋಗದ ಸದಸ್ಯ ಅಲ್ಲ. ಅಲ್ಲದೆ ಎಂಜಿನ್ ಹಡಗುಗಳು ಸಾಗರಗಳನ್ನು ಬರಿದು ಮಾಡಿದ್ದಕ್ಕೆ ಹುಟ್ಟಿದ ತಡೆ ಅದು. ಲಾಮಲೆರಾ ಹಿಡಿಯುತ್ತಿದ್ದುದು ಸಾಧಾರಣವಾಗಿ ವರ್ಷಕ್ಕೆ ಇಪ್ಪತ್ತರ ಆಸುಪಾಸು, ಕೆಲವು ವರ್ಷ ಅದಕ್ಕಿಂತ ಎಷ್ಟೋ ಕಡಿಮೆ. ಹಾಗೆಂದು ದೇಶದೊಳಗಿನ ಕಾನೂನು ಸುಮ್ಮನಿಲ್ಲ: ತಿಮಿಂಗಿಲ ಅಲ್ಲೂ ರಕ್ಷಿತ ಜೀವಿ. ಈ ಊರಿನ ಹೊಟ್ಟೆಪಾಡಿನ ಬೇಟೆಗೆ ಮಾತ್ರ ಸರ್ಕಾರ ಕಣ್ಣು ಮುಚ್ಚಿಕೊಂಡಿದೆ. 2009ರಲ್ಲಿ ಸಾವು ಸಮುದ್ರವನ್ನು ಸಂರಕ್ಷಿತ ಪ್ರದೇಶ ಮಾಡಲು ಹೊರಟಾಗ ಲಾಮಲೆರಾದವರು ಬೀದಿಗಿಳಿದರು, ಲೆಂಬಾಟಾದ ನೀರು ಆ ಗಡಿಯಿಂದ ಹೊರಗುಳಿಯಿತು. 2014ರಲ್ಲಿ ಮಾಂಟಾ ತೊರಕೆ ಮೀನಿಗೂ ರಕ್ಷಣೆ ಬಂತು. ಇದು ಊರಿಗೆ ತಿಮಿಂಗಿಲಕ್ಕಿಂತ ಹತ್ತಿರದ ಪೆಟ್ಟು, ಯಾಕೆಂದರೆ ತಿಮಿಂಗಿಲ ಕಾಣದ ವಾರಗಳಲ್ಲಿ ಬುಟ್ಟಿ ತುಂಬುತ್ತಿದ್ದುದು ಅದೇ. ಅದರ ಕಿವಿರಿಗೆ ಚೀನೀ ಔಷಧಿ ಪೇಟೆಯಲ್ಲಿ ಹಣ ಸಿಗತೊಡಗಿದ ಮೇಲೆ, ಯಾವುದು ಊಟ, ಯಾವುದು ವ್ಯಾಪಾರ ಎಂದು ಗೆರೆ ಎಳೆಯುವುದು ಊರಿನವರಿಗೇ ಕಷ್ಟವಾಗಿದೆ. ಸಂರಕ್ಷಣೆಯ ಪರ ಮಾತಾಡುವವರನ್ನು ಈ ಒಂದು ವಿಷಯದಲ್ಲಿ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಹೊರಗಿನಿಂದ ಬಂದ ಇನ್ನೊಬ್ಬ ಅತಿಥಿಯದು ತಮಾಷೆಯ ಕಥೆ. ಹದಿನೈದು ಸಣ್ಣ ಸಮಾಜಗಳಲ್ಲಿ ವಿದ್ವಾಂಸರು ಒಂದು ಆಟ ಆಡಿಸಿದರು. ಒಬ್ಬನ ಕೈಗೆ ಗಂಟು ಕೊಟ್ಟು, ಅಪರಿಚಿತನಿಗೆ ಎಷ್ಟು ಕೊಡುತ್ತೀಯಾ ಎಂದು ಕೇಳುವುದು. ಆ ಅಪರಿಚಿತ ಬೇಡವೆಂದರೆ ಇಬ್ಬರಿಗೂ ಸೊನ್ನೆ. ಲಾಮಲೆರಾದಲ್ಲಿ ದುಡ್ಡಿನ ಬದಲು ಸಿಗರೇಟು ಪ್ಯಾಕುಗಳನ್ನಿಟ್ಟರು. ಕೆಲವು ಕಡೆ ಜನ ಸರಾಸರಿ ಕಾಲುಭಾಗದ ಆಸುಪಾಸು ಮಾತ್ರ ಕೊಟ್ಟರೆ, ಇಲ್ಲಿ ಕೊಟ್ಟದ್ದು ಸರಾಸರಿ ಅರ್ಧಕ್ಕಿಂತ ಹೆಚ್ಚು. ಹದಿನೈದರಲ್ಲಿ ಇದೇ ಮೇಲು.

ಈಗ ಎಂಜಿನ್ ಬಂದಿದೆ, ಈ ಸಲ ಊರೇ ತಂದುಕೊಂಡದ್ದು. ಮೋಟಾರು ಕೂರಿಸಿದ ಸಣ್ಣ ದೋಣಿಯನ್ನು ಅದರ ಕಂಪನಿಯ ಹೆಸರಿನಿಂದಲೇ 'ಜಾನ್ಸನ್' ಎಂದು ಕರೆಯುತ್ತಾರೆ. ರಾತ್ರಿ ಬಲೆ ಬಿಟ್ಟು ಬೆಳಿಗ್ಗೆ ಎಳೆದರೆ ಮೀನು ಬರುತ್ತದೆ, ಸೀಮೆಎಣ್ಣೆಗೆ ದುಡ್ಡು ಹುಟ್ಟುತ್ತದೆ, ಮಕ್ಕಳ ಶಾಲೆಗೂ. ಬಲೆಯ ಮೀನಿಗೆ ತಲೆ ಯಾರದ್ದು, ಬಾಲ ಯಾರದ್ದು ಎಂಬ ಹಳೆಯ ಲೆಕ್ಕ ಹೊಂದುವುದಿಲ್ಲ. ತಿಮಿಂಗಿಲ ಕಂಡಿತೆಂದು ದಂಡೆಯ ಮೇಲೆ 'ಬಾಲೆಓ! ಬಾಲೆಓ!' ಎಂಬ ಕೂಗು ಎದ್ದಾಗ ಮಾತ್ರ ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಾರೆ. ಜಾನ್ಸನ್ ದೋಣಿಗಳು ತೆನಾಗಳನ್ನು ಹಗ್ಗ ಕಟ್ಟಿ ನಡುಗಡಲಿಗೆ ಎಳೆದೊಯ್ಯುತ್ತವೆ. ತಿಮಿಂಗಿಲದ ನೀರಿನ ಚಿಲುಮೆ ಹತ್ತಿರವಾದಾಗ ಆ ಹಗ್ಗ ಬಿಚ್ಚುತ್ತಾರೆ, ಅಲ್ಲಿಂದ ಮುಂದಕ್ಕೆ ಹುಟ್ಟು ಹಾಕಿಕೊಂಡೇ ಹೋಗುತ್ತಾರೆ.